ರಕ್ತ ನಿಲ್ಲಿಸೋ ಇಂಜೆಕ್ಷನ್‌ಗೆ ಮೂರೇ ಗಂಟೆ ಗಡುವು!

ರಸ್ತೆಯಲ್ಲಿ ಅಪಘಾತವಾಯ್ತು ಅನ್ನಿ. ಜನ ಸೇರ್ತಾರೆ. ಒಬ್ಬ ಲಾರಿ ನಂಬರು ಬರ್ಕೋತಾನೆ, ಇನ್ನೊಬ್ಬ ಮೊಬೈಲ್‌ನಲ್ಲಿ ಫೋಟೊ ಹಿಡೀತಾನೆ, ಮತ್ತೊಬ್ಬ 'ಪೊಲೀಸು ಬರೋತನಕ ಮುಟ್ಬೇಡ್ರಿ' ಅಂತ ಕಾನೂನು ಹೇಳ್ತಾನೆ. ಬಿದ್ದವನ ರಕ್ತ ಮಾತ್ರ ಯಾರಿಗೂ ಕಾಯೋದಿಲ್ಲ. ಹೀಗೆ ಕಳೆದ ಕಾಲು ಗಂಟೆಯ ಬೆಲೆ ಎಷ್ಟೆಂಬ ಲೆಕ್ಕ ಈಗ ವೈದ್ಯರ ಕೈಗೆ ಸಿಕ್ಕಿದೆ.

ಔಷಧದ ಹೆಸರು ಟ್ರಾನೆಕ್ಸಾಮಿಕ್ ಆಸಿಡ್. ಔಷಧಿ ಅಂಗಡಿಯವರಿಗೆ ಇದು ಹೊಸದಲ್ಲ, ಹೆಂಗಸರ ಅತಿಸ್ರಾವಕ್ಕೆ ಇದರ ಮಾತ್ರೆ ಕೊಡ್ತಾರೆ. 1962ರಲ್ಲಿ ಜಪಾನಿನ ಒಕಾಮೊಟೊ ದಂಪತಿ, ಶೋಸುಕೆ ಮತ್ತು ಉಟಾಕೊ, ಕಂಡುಹಿಡಿದದ್ದು. ಹೆಪ್ಪುಗಟ್ಟಿದ ರಕ್ತ ಮತ್ತೆ ಕರಗದಂತೆ ತಡೆಯೋದು ಇದರ ಕೆಲಸ. ದುಬಾರಿ ಮದ್ದೇನಲ್ಲ. ಆದರೂ ಗಾಯಾಳುಗಳಿಗೆ ಕೊಟ್ಟು ದೊಡ್ಡ ಮಟ್ಟದಲ್ಲಿ ಲೆಕ್ಕ ಹಾಕೋಕೆ ಹೆಚ್ಚುಕಡಿಮೆ ಅರ್ಧ ಶತಮಾನ ಹಿಡೀತು!

ಆ ಲೆಕ್ಕ 2010ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. 40 ದೇಶಗಳ 274 ಆಸ್ಪತ್ರೆ, 20,211 ಗಾಯಾಳುಗಳು. ನಮ್ಮ ದೇಶದವರೂ ಇದ್ದರು. ಬರೀ ಉಪ್ಪುನೀರು ಏರಿಸಿದವರಲ್ಲಿ ನೂರಕ್ಕೆ 16 ಮಂದಿ ಸತ್ತರೆ, ಮದ್ದು ಪಡೆದವರಲ್ಲಿ 14.5. ಇಷ್ಟೇನಾ ಅನ್ಬೇಡಿ, ಸಾವಿರಕ್ಕೆ 15 ಜೀವ ಅಂದ್ರೆ ಹುಡುಗಾಟವಲ್ಲ.

ಅಸಲು ವಿಷಯ ಮರುವರ್ಷ ಹೊರಬಿತ್ತು. ಗಾಯವಾದ ಒಂದು ಗಂಟೆಯೊಳಗೆ ಮದ್ದು ಬಿದ್ದವರಲ್ಲಿ, ರಕ್ತ ಹೋಗಿ ಸಾಯೋರು ಸುಮಾರು ಮೂರನೇ ಒಂದರಷ್ಟು ಕಡಿಮೆ. ಮೂರು ಗಂಟೆ ದಾಟಿದ ಮೇಲೆ ಕೊಟ್ಟರೋ, ಅಂಥ ಸಾವು ಕಡಿಮೆಯಾಗೋ ಬದಲು ಹೆಚ್ಚಾಯ್ತು! 2017ರಲ್ಲಿ 40,138 ರೋಗಿಗಳ ಲೆಕ್ಕ ಒಟ್ಟು ಮಾಡಿದಾಗ, ಪ್ರತಿ 15 ನಿಮಿಷ ತಡವಾದರೆ ಗುಣ ನೂರಕ್ಕೆ ಹತ್ತರಷ್ಟು ಇಳೀತದೆ ಅಂತ ಗೊತ್ತಾಯ್ತು.

ಹಾಗಾದ್ರೆ ಆಂಬುಲೆನ್ಸ್‌ನಲ್ಲೇ ಕೊಡಬಾರದೇ? ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜರ್ಮನಿಯಲ್ಲಿ ಕೊಟ್ಟು ನೋಡಿದ ಫಲ 2023ರಲ್ಲಿ ಬಂತು. ತಿಂಗಳೊಳಗಿನ ಸಾವು ಕಡಿಮೆ ಇತ್ತು. ಆದರೆ ಆರು ತಿಂಗಳ ಮೇಲೆ ನೆಟ್ಟಗೆ ಓಡಾಡಿಕೊಂಡಿರೋರ ಸಂಖ್ಯೆ ಏನೂ ಹೆಚ್ಚಿರಲಿಲ್ಲ. ಉಳಿದವರೆಲ್ಲ ಮೊದಲಿನಂತೆ ಆಗ್ತಾರೆ ಅಂತ ಬಗೆಯೋ ಹಾಗಿಲ್ಲ.

ಇಂಜೆಕ್ಷನ್ ಕೊಡೋದು ಡಾಕ್ಟರ ಕೆಲಸ, ಬಿಡಿ. ಅಲ್ಲಿಗೆ ಬೇಗ ತಲುಪಿಸೋದು ನಮ್ಮದು. ಕೇಸಿನ ಹೆದರಿಕೆ ಬೇಡ: ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮು, ಒಳ್ಳೆ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತೆ. 108ಕ್ಕೆ ಫೋನ್ ಮಾಡಿ, ರಕ್ತ ಸುರಿಯೋ ಜಾಗವನ್ನ ಚೊಕ್ಕಟ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡೀರಿ. ಆಸ್ಪತ್ರೆಯಲ್ಲಿ 'ಎಷ್ಟು ಹೊತ್ತಿಗಾಯ್ತು?' ಅಂತ ಡಾಕ್ಟರು ಕೇಳಿದಾಗ, ಪ್ರಜ್ಞೆ ತಪ್ಪಿದವನು ಏನು ಹೇಳ್ಯಾನು? ರಸ್ತೆ ಬದಿ ಅಂಗಡಿಯವರೇ, ಗಡಿಯಾರ ನೋಡಿ ಆ ಹೊತ್ತನ್ನ ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕಳಿಸಿ.