ಹೆಡತಲೆಗೊಂದು ಆಧಾರ

ಒಪ್ಪಿಗೆಯಾದರೆ ಗೋಣಾಡಿಸುತ್ತೇವೆ; ಮೆಚ್ಚಿದರೆ ತಲೆದೂಗುತ್ತೇವೆ; ಹಿರಿಯರೆದುರು ತಲೆಬಾಗುತ್ತೇವೆ; ಮಾನವಂತನಾದವನು ತಲೆಯೆತ್ತಿ ಬಾಳುತ್ತಾನೆ. ನಮ್ಮ ನುಡಿಗಟ್ಟುಗಳು ಮಾನಾಪಮಾನಗಳ ಭಾರವನ್ನೆಲ್ಲ ಕತ್ತಿನ ಮೇಲೆಯೇ ಹೇರಿವೆ. ಆದರೆ ಈ ಬಾಗುವಿಕೆ ತೂಗುವಿಕೆಗಳು ನಡೆಯುವ ತಾಣ ಎಷ್ಟು ಕಿರಿದು, ಅಲ್ಲಿಯ ಕಟ್ಟು ಸಡಿಲಿದರೆ ಏನಾದೀತು ಎಂಬುದನ್ನು ನಾವು ಆಲೋಚಿಸುವುದು ವಿರಳ.

ಕತ್ತಿನಲ್ಲಿರುವುದು ಏಳು ಮೂಳೆಗಳು. ತಲೆಬುರುಡೆಯನ್ನು ಹೊತ್ತ ಮೊದಲನೆಯದು ಬಳೆಯ ಆಕಾರದ್ದು. ಗ್ರೀಕರ ಪುರಾಣದಲ್ಲಿ ಆಕಾಶವನ್ನು ಹೊತ್ತವನ ನೆನಪಿಗಾಗಿ ಅದನ್ನು ‘ಅಟ್ಲಾಸ್’ ಎಂದು ಕರೆದರು. ನಮ್ಮವರು ಹೆಸರಿಟ್ಟಿದ್ದರೆ ಆದಿಶೇಷನನ್ನು ನೆನೆಯುತ್ತಿದ್ದರೇನೋ! ಎರಡನೆಯ ಮೂಳೆಯಿಂದ ಹಲ್ಲಿನಂಥ ಒಂದು ಗೂಟ ಮೇಲಕ್ಕೆದ್ದಿದೆ. ಬೀಸುವ ಕಲ್ಲಿನ ಮೇಲುಗಲ್ಲು ಗೂಟದ ಸುತ್ತ ತಿರುಗುವಂತೆ, ತಲೆಯನ್ನು ಹೊತ್ತ ಬಳೆ ಈ ಗೂಟದ ಸುತ್ತ ತಿರುಗುತ್ತದೆ. ಕತ್ತಿನ ಒಟ್ಟು ತಿರುಗುವಿಕೆಯಲ್ಲಿ ಸುಮಾರು ಅರ್ಧ ಭಾಗ ಇಲ್ಲಿಯದೇ. ಹೌದೆಂದು ತಲೆಯಾಡಿಸುವ ಚಲನೆಯ ಬಹುಭಾಗ ಬುರುಡೆಗೂ ಬಳೆಗೂ ನಡುವಣ ಕೀಲಿನದು.

ಬಳೆಯೊಳಗಿನ ಜಾಗವನ್ನು ಪ್ರಕೃತಿ ಜಾಣತನದಿಂದ ಹಂಚಿದೆ. ಸ್ಥೂಲವಾಗಿ ಮೂರರಲ್ಲೊಂದು ಪಾಲು ಗೂಟಕ್ಕೆ, ಒಂದು ಪಾಲು ಬೆನ್ನುಹುರಿಗೆ, ಇನ್ನೊಂದು ಪಾಲು ತೆರವು. ಗೂಟ ಹಿಂದಕ್ಕೆ ಸರಿಯದಂತೆ ಗಟ್ಟಿಯಾದ ನಾರಿನ ಪಟ್ಟಿಯೊಂದು ಅದನ್ನು ಬಿಗಿದಿಟ್ಟಿದೆ. ವಯಸ್ಕರಲ್ಲಿ ಬಳೆಗೂ ಗೂಟಕ್ಕೂ ನಡುವೆ 3 ಮಿಲಿಮೀಟರಿಗಿಂತ ಹೆಚ್ಚು ಅಂತರ ಕಂಡರೆ ವೈದ್ಯರು ಶಂಕಿಸುತ್ತಾರೆ. ಅದರ ಮೇಲ್ಗಡೆಯೇ ಉಸಿರಾಟವನ್ನು ನಡೆಸುವ ಮಿದುಳಿನ ಭಾಗವಿದೆ. ಸಡಿಲಿದ ಮೂಳೆ ಅಲ್ಲಿ ಒತ್ತಿದರೆ ಕೈಕಾಲು ಮಾತ್ರವಲ್ಲ, ಉಸಿರೇ ನಿಲ್ಲಬಹುದು.

ಈ ಸಡಿಲಿಕೆ ಹಲವರಿಗೆ ಹುಟ್ಟಿನಿಂದ ಬರುತ್ತದೆ. ಕೆಲವರಿಗೆ ಸಂಧಿವಾತದಿಂದ, ಕ್ಷಯದಿಂದ. ಮತ್ತೆ ಕೆಲವರಿಗೆ ರಸ್ತೆಯ ಅಪಘಾತದಿಂದ ಅಥವಾ ಮರದಿಂದ ಬಿದ್ದು. ಅಡಕೆ, ತೆಂಗುಗಳ ನಾಡಾದ ದಕ್ಷಿಣ ಕನ್ನಡಕ್ಕೆ ಈ ಕೊನೆಯ ಮಾತನ್ನು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಮದ್ದು ಬಿಡಲು ಹತ್ತಿದವನ ಕಾಲಿಗೆ ಪಾಚಿಗಟ್ಟಿದ ಮರ ಜಾರಿದರೆ ನೆಲ ಬಹು ದೂರದಲ್ಲಿರುತ್ತದೆ. ಆಗ ನೆರೆದವರು ಕನಿಕರದಿಂದ ಅವನನ್ನು ಎತ್ತಿ ಕುಳ್ಳಿರಿಸಿ ನೀರು ಕುಡಿಸಲು ಹೋಗುವುದುಂಟು. ಕತ್ತು ಮುರಿದಿದ್ದರೆ ಆ ಕನಿಕರವೇ ಮುಳುವಾದೀತು. ತಲೆ, ಕತ್ತು, ಬೆನ್ನುಗಳು ಒಂದೇ ನೇರದಲ್ಲಿರುವಂತೆ ಹಿಡಿದು, ಹಲಗೆಯ ಮೇಲೆ ಮಲಗಿಸಿ ಸಾಗಿಸುವುದೊಂದೇ ದಾರಿ. ಶಾಲೆಗಳಲ್ಲಿ ಕಲಿಸಬೇಕಾದ ಪಾಠವಿದು.

ಮಂಗಳೂರಿಗೆ ರೋಗಿಗಳ ಶುಶ್ರೂಷೆ ಹೊಸದಲ್ಲ. ವೆನ್‌ಲಾಕ್ ಆಸ್ಪತ್ರೆಯ ಮೂಲ 1848ರದು. ಕಂಕನಾಡಿಯಲ್ಲಿ ಫಾದರ್ ಮುಲ್ಲರರು ಬಡವರಿಗೆ ಔಷಧಿ ಹಂಚತೊಡಗಿದ್ದು 1880ರಲ್ಲಿ. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ವೆನ್‌ಲಾಕಿನ ಹಾಸಿಗೆಗಳ ಪಕ್ಕದಲ್ಲಿ ನಿಂತೇ ವಿದ್ಯೆ ಕಲಿತರು. ಇಂದು ನಗರದ ವೈದ್ಯಕೀಯ ಕಾಲೇಜುಗಳಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗಗಳಿವೆ; ಕಾಸರಗೋಡಿನಿಂದಲೂ ರೋಗಿಗಳು ಈ ನಗರಕ್ಕೆ ಬರುತ್ತಾರೆ. ಭಾರತದಲ್ಲಿ ಇಂಥ ಮೊದಲ ವಿಭಾಗವನ್ನು ಡಾ. ಜೇಕಬ್ ಚಾಂಡಿಯವರು ವೆಲ್ಲೂರಿನಲ್ಲಿ ತೆರೆದದ್ದು 1949ರಲ್ಲಿ ಎಂಬುದನ್ನು ನೆನೆದರೆ, ಈ ಶಾಸ್ತ್ರ ನಮ್ಮಲ್ಲಿ ನಡೆದ ದೂರ ಅರಿವಾಗುತ್ತದೆ.

ಸಡಿಲಿದ ಕತ್ತನ್ನು ಕಟ್ಟುವ ಯತ್ನ ಅದಕ್ಕಿಂತ ಹಳೆಯದು. 1910ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಆಸ್‌ಗುಡ್ ಎಂಬ ವೈದ್ಯರು ರೇಷ್ಮೆಯ ದಾರದಿಂದ ಮೊದಲೆರಡು ಮೂಳೆಗಳನ್ನು ಬಿಗಿದರು. 1939ರಲ್ಲಿ ಗ್ಯಾಲಿಯವರು ತಂತಿಯಿಂದ ಕಟ್ಟುವ ವಿಧಾನವನ್ನು ವಿವರಿಸಿದರು. ದಾರವಾಗಲಿ ತಂತಿಯಾಗಲಿ ತಿರುಗುವಿಕೆಯನ್ನು ಪೂರ್ಣವಾಗಿ ತಡೆಯಲಾರದು. ಆ ಕೊರತೆಯನ್ನು ತುಂಬಿದ್ದು ತಿರುಪುಮೊಳೆ. ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯ ಡಾ. ಅತುಲ್ ಗೋಯಲ್ ಅವರು 1988ರಿಂದ ಮೊದಲೆರಡು ಮೂಳೆಗಳ ಪಕ್ಕದ ದಿಂಡುಗಳಿಗೆ ತಿರುಪು ಕೂರಿಸಿ ಲೋಹದ ಪಟ್ಟಿಯಿಂದ ಜೋಡಿಸತೊಡಗಿ, 1994ರಲ್ಲಿ ಅದನ್ನು ಪ್ರಕಟಿಸಿದರು. 2001ರಲ್ಲಿ ಜರ್ಮನಿಯ ಹಾರ್ಮ್ಸ್ ಅವರು ಪಟ್ಟಿಯ ಬದಲು ಸಲಾಕೆಯನ್ನು ಬಳಸಿದರು. ಇಂದು ಇಬ್ಬರ ಹೆಸರನ್ನೂ ಕೂಡಿಸಿ ಹೇಳುವ ರೂಢಿಯಿದೆ.

ತಿರುಪಿನ ದಪ್ಪ ಸಾಮಾನ್ಯವಾಗಿ 3.5 ಮಿಲಿಮೀಟರು. ಅದರ ಒಂದು ಮಗ್ಗುಲಲ್ಲಿ ಬೆನ್ನುಹುರಿ; ಇನ್ನೊಂದರಲ್ಲಿ ಮಿದುಳಿಗೆ ನೆತ್ತರನ್ನೊಯ್ಯುವ, ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿ ಸುತ್ತಿಬಳಸುವ ಧಮನಿ. ಆದುದರಿಂದ ಸಿ. ಟಿ. ಚಿತ್ರಗಳಲ್ಲಿ ದಾರಿಯನ್ನು ಮೊದಲೇ ಅಳೆದುಕೊಳ್ಳಬೇಕು. ಇಷ್ಟಾಗಿಯೂ ತಿರುಪು ಕಾಯಂ ಆಧಾರವಲ್ಲ. ಕಸಿ ಕಟ್ಟಿದ ಮಾವಿಗೆ ಸುತ್ತಿದ ಕಟ್ಟಿನಂತೆ, ಜೊತೆಗಿಟ್ಟ ಮೂಳೆಯ ಚೂರು ತಿಂಗಳುಗಳ ಮೇಲೆ ಬೆಸೆದುಕೊಳ್ಳುವವರೆಗೆ ಅದು ಕಾಯುತ್ತದೆ. ಬೆಸುಗೆ ಕೂಡದಿದ್ದರೆ ಲೋಹವೇ ಕಾಲಾಂತರದಲ್ಲಿ ಸಡಿಲಬಹುದು, ಮುರಿಯಬಹುದು.

ಇದಕ್ಕೆ ರೋಗಿ ತೆರುವ ಬೆಲೆಯೂ ಉಂಟು. ಮೊದಲೆರಡು ಮೂಳೆಗಳು ಬೆಸೆದರೆ ತಲೆಯ ತಿರುಗುವಿಕೆ ಅರ್ಧಕ್ಕಿಳಿಯುತ್ತದೆ. ಪಕ್ಕದವರನ್ನು ನೋಡಲು ಹೆಗಲನ್ನೂ ತಿರುಗಿಸಬೇಕು. ಬುರುಡೆಯನ್ನೂ ಸೇರಿಸಿ ಕಟ್ಟಿದರೆ ಗೋಣಾಡಿಸುವ ಸುಖವೂ ಹೋಗುತ್ತದೆ. ಆಗ ವೈದ್ಯನ ಮುಂದೆ ಒಂದು ಗಂಭೀರ ಪ್ರಶ್ನೆ: ತಲೆಯನ್ನು ಯಾವ ಕೋನದಲ್ಲಿ ನಿಲ್ಲಿಸಬೇಕು? ತೀರ ಬಾಗಿಸಿದರೆ ಅನ್ನ ನುಂಗುವುದು ಕಷ್ಟ, ಉಸಿರಿಗೂ ತೊಡಕು. ತೀರ ಎತ್ತಿದರೆ ತನ್ನ ಪಾದದ ಮುಂದಿನ ಮೆಟ್ಟಿಲು ಕಾಣದು. ನಿದ್ರೆಯಲ್ಲಿರುವ ರೋಗಿಯ ಪರವಾಗಿ, ಅವನು ಮುಂದೆ ಜಗತ್ತನ್ನು ಹೇಗೆ ನೋಡಬೇಕೆಂಬುದನ್ನು ಇನ್ನೊಬ್ಬ ನಿರ್ಧರಿಸಬೇಕಾಗುತ್ತದೆ.

ಕತ್ತು ನೋವಾದವರೆಲ್ಲ ಅಂಜಬೇಕಿಲ್ಲ. ಬಹುಪಾಲು ಕತ್ತುನೋವಿಗೆ ಇಂಥ ಚಿಕಿತ್ಸೆ ಬೇಕೇ ಆಗುವುದಿಲ್ಲ. ಆದರೆ ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸಿದರೆ, ನಡಿಗೆ ತೂರಾಡಿದರೆ, ಕತ್ತು ಬಾಗಿಸಿದಾಗ ಮೈಯಲ್ಲಿ ಮಿಂಚು ಹರಿದಂತಾದರೆ ತಡಮಾಡಬಾರದು. ಬೆನ್ನುಹುರಿ ಬಹುಕಾಲ ನಲುಗಿದ ಮೇಲೆ ಯಾವ ತಿರುಪೂ ಕಳೆದ ಶಕ್ತಿಯನ್ನು ಪೂರ್ತಿಯಾಗಿ ಮರಳಿಸಲಾರದು.