ಕಾರು ನಡುಗಿದರೆ ಇಂಜಿನ್ ಬಿಚ್ಚಲೇಬೇಕೇ?

ಜೂನ್ ತಿಂಗಳ ಒಂದು ಬೆಳಗ್ಗೆ. ರಾತ್ರಿಯಿಡೀ ಸುರಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಶಾಲೆಗೆ ಹೊರಟಿದ್ದೆ. ಏರು ಹತ್ತುವಾಗ ನಮ್ಮ ಹಳೆಯ ಕಾರು ಮುಗ್ಗರಿಸತೊಡಗಿತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಎಳೆಯುವ ಶಕ್ತಿಯಿಲ್ಲ. ಬದಿಗೆ ನಿಲ್ಲಿಸಿದರೆ ಸ್ಟೀರಿಂಗ್‌ನಿಂದ ಸೀಟಿನವರೆಗೂ ನಡುಕ. ಹಿಂದಿನಿಂದ ಲಾರಿಯ ಹಾರನ್. ಮನೆಯವರು ಗಲ್ಫ್‌ನಲ್ಲಿ. ಹೇಗೋ ಮಕ್ಕಳನ್ನು ಶಾಲೆಗೆ ಮುಟ್ಟಿಸಿ ಗ್ಯಾರೇಜಿಗೆ ಒಯ್ದೆ.

"ಮಿಸ್ಸಿಂಗ್ ಇದೆ ಟೀಚರ್. ಹೆಡ್ ಬಿಚ್ಚಬೇಕಾದೀತು, 18 ಸಾವಿರ ಆಗಬಹುದು. ಮನೆಯವರಿಗೊಮ್ಮೆ ಫೋನ್ ಮಾಡಿ ಕೇಳಿ" ಎಂದರು ಅಲ್ಲಿಯ ಹುಡುಗ. ಕಾರು ಓಡಿಸುವವಳು ನಾನು, ಉತ್ತರ ಹೇಳಬೇಕಾದವರು ಸಮುದ್ರದಾಚೆ ಇರುವವರು! ಆದರೆ ಅಂದು ನನ್ನಲ್ಲೂ ಕೇಳಲು ಒಂದು ಪ್ರಶ್ನೆಯಿರಲಿಲ್ಲ.

ಮಿಸ್ಸಿಂಗ್ ಎಂದರೇನು? ನಮ್ಮದು 1998ರ ಮಾರುತಿ 800. 1983ರಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಈ ಕಾರಿಗೆ 796 ಸಿಸಿಯ, ಮೂರು ಸಿಲಿಂಡರಿನ ಪುಟ್ಟ ಇಂಜಿನ್. ನಿಂತಲ್ಲೇ ಇಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತದೆ ಎಂದುಕೊಳ್ಳಿ. ಎರಡು ಸುತ್ತಿಗೊಮ್ಮೆ ಪ್ರತಿಯೊಂದು ಸಿಲಿಂಡರಿನಲ್ಲಿ ಕಿಡಿ ಹೊತ್ತಬೇಕು. ಅಂದರೆ ಒಂದೊಂದರಲ್ಲಿ 400 ಬಾರಿ, ಮೂರರಲ್ಲೂ ಸೇರಿ 1,200 ಬಾರಿ. ಇದರಲ್ಲಿ ಕೆಲವು ಬಾರಿ ಪೆಟ್ರೋಲ್ ಉರಿಯದೆ ತಪ್ಪಿ ಹೋದರೆ ಅದೇ ಮಿಸ್ಸಿಂಗ್. ಮೂವರು ಹಿಡಿದೆತ್ತಿದ ಬಿರಿಯಾನಿಯ ದೊಡ್ಡ ಪಾತ್ರೆಯನ್ನು ಒಬ್ಬಳು ನಡುವಿನಲ್ಲಿ ಕೈಬಿಟ್ಟರೆ ಹೇಗೋ ಹಾಗೆ.

ಸಂಜೆ ನಮ್ಮ ಓಣಿಯ ಹಿರಿಯ ಮೆಕ್ಯಾನಿಕ್ ಕಾಕನನ್ನು ಕರೆಸಿದೆ. ಅವರು ಬಾನೆಟ್ ತೆರೆಯಲಿಲ್ಲ, ಮೊದಲು ನನ್ನನ್ನೇ ವಿಚಾರಿಸಿದರು. ಬೆಳಗ್ಗೆ ಮಾತ್ರವೋ, ಇಡೀ ದಿನವೋ? ಮಳೆಗೋ, ಬಿಸಿಲಿಗೂ ಉಂಟೋ? ನಿಂತಾಗಲೋ, ಏರಿನಲ್ಲೋ? ಯೋಚಿಸಿದರೆ ಹಿಂದಿನ ವಾರವೂ ಒದ್ದೆ ಬೆಳಗ್ಗೆ ಹೀಗೆಯೇ ಆಗಿತ್ತು, ಮಧ್ಯಾಹ್ನಕ್ಕೆ ತಾನಾಗಿ ಸರಿಯಾಗಿತ್ತು. ಹಾಗೆಂದು ಹೇಳಿದೆ.

"ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಮಧ್ಯಾಹ್ನದ ಬಿಸಿಲಿಗೆ ಗುಣವಾಗುತ್ತದೆಯೇ ಮಗಳೇ?" ಎಂದು ನಕ್ಕರು.

ಮಗ್ರಿಬ್ ಕಳೆದು ಕತ್ತಲಾದ ಮೇಲೆ ಬಾನೆಟ್ ತೆರೆದು, ಇಂಜಿನ್ ಚಾಲೂ ಮಾಡಿ, ಬಟ್ಟೆ ಇಸ್ತ್ರಿಗೆ ಬಳಸುವ ಸ್ಪ್ರೇಯಿಂದ ಪ್ಲಗ್ ವೈರುಗಳ ಮೇಲೆ ತೆಳುವಾಗಿ ನೀರು ಚಿಮುಕಿಸಿದರು. ಕೂಡಲೇ ನಡುಕ ಶುರು. ನಡುವಿನ ವೈರಿನಿಂದ ಇಂಜಿನ್ನಿನ ಲೋಹಕ್ಕೆ ನೀಲಿ ಎಳೆಗಳು ಚಟಚಟನೆ ಹಾರುತ್ತಿದ್ದವು. ಹತ್ತಾರು ಸಾವಿರ ವೋಲ್ಟಿನ ಆ ವಿದ್ಯುತ್ತು, ಹಳತಾಗಿ ಬಿರಿದ ರಬ್ಬರಿನ ಮೂಲಕ ಪ್ಲಗ್ ತಲುಪುವ ಮೊದಲೇ ಸೋರಿಹೋಗುತ್ತಿತ್ತು. ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೂ ತೇವವಿತ್ತು. ವೈರ್, ಕ್ಯಾಪ್, ಮೂರು ಪ್ಲಗ್, ಕೂಲಿ ಎಲ್ಲ ಸೇರಿ 1,400 ರೂಪಾಯಿ ಖರ್ಚಾಯಿತು.

ಈ ಪರೀಕ್ಷೆಯನ್ನು ನೀವೇ ಮಾಡಲು ಹೋಗಬೇಡಿ. ವೈರ್ ಮುಟ್ಟಿದರೆ ಹೊಡೆಯುವ ಶಾಕ್ ಸಾಮಾನ್ಯದ್ದಲ್ಲ. ರೇಡಿಯೇಟರ್ ಫ್ಯಾನ್ ಥಟ್ಟನೆ ತಾನಾಗಿ ತಿರುಗತೊಡಗುತ್ತದೆ. ಶಾಲು, ಬುರ್ಖಾದ ತೋಳು ಅದಕ್ಕೋ ಬೆಲ್ಟಿಗೋ ಸಿಕ್ಕರೆ ಅನಾಹುತ. ದೂರ ನಿಂತು ನೋಡಿದರೆ ಸಾಕು.

ಯಾವ ಸಿಲಿಂಡರ್ ಸೋಮಾರಿ ಎಂದು ಪತ್ತೆಹಚ್ಚಲು ನಮ್ಮದರಂಥ ಹಳೆಯ ಇಂಜಿನ್ನಿನಲ್ಲಿ ಮೆಕ್ಯಾನಿಕ್‌ಗಳು ಒಂದೊಂದೇ ವೈರ್ ಕಳಚುತ್ತಾರೆ. ಕಳಚಿದಾಗ ಸದ್ದು ಕುಗ್ಗಿದರೆ ಅದು ದುಡಿಯುತ್ತಿತ್ತು. ಏನೂ ವ್ಯತ್ಯಾಸ ಕಾಣದಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಆಮೇಲೆ ಆ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡುವುದು. ದೋಷವೂ ಅದರೊಂದಿಗೆ ಹೋದರೆ ಪ್ಲಗ್ಗಿನದೇ ತಪ್ಪು. ಕಳಚಿದ ಪ್ಲಗ್ಗನ್ನು ಕೇಳಿ ನೋಡಿರಿ. ತುದಿ ತಿಳಿ ಕಂದು ಬಣ್ಣದ್ದಾದರೆ ಆರೋಗ್ಯವಾಗಿದೆ. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ: ಏರ್ ಫಿಲ್ಟರ್, ಚೋಕ್, ಕಾರ್ಬರೇಟರ್ ನೋಡಿಸಿ. ಎಣ್ಣೆಯಿಂದ ಒದ್ದೆಯಾಗಿದ್ದರೆ ಮಾತ್ರ ಒಳಗಿನ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರುವ ಸಂಶಯ.

ನಿಂತಾಗ ನಡುಗಿ ವೇಗದಲ್ಲಿ ಸರಿಯಾದರೆ, ಬಿರಿದ ರಬ್ಬರ್ ಪೈಪೊಂದು ಎಲ್ಲೋ ಗಾಳಿ ಎಳೆಯುತ್ತಿರಬಹುದು. 'ಸುಸ್' ಎಂಬ ಸದ್ದೂ ಕೇಳೀತು. ಸಮತಟ್ಟಿನಲ್ಲಿ ಚೆನ್ನಾಗಿ ಓಡಿ ಏರಿನಲ್ಲಿ ಬಾಡಿದರೆ ಪೆಟ್ರೋಲ್ ಫಿಲ್ಟರ್ ಕಟ್ಟಿರಬಹುದು, ಟ್ಯಾಂಕಿಗೆ ನೀರು ಸೇರಿರಲೂಬಹುದು. ಈಗ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆಸುತ್ತಾರೆ. ಅದು ತೇವ ಹೀರುತ್ತದೆ, ಹಳೆಯ ಕಾಲದ ರಬ್ಬರಿಗೂ ಹಿತವಲ್ಲ. ಆದ್ದರಿಂದ ಹಳೆ ಕಾರಿಗೆ ಪೆಟ್ರೋಲ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸುವುದು ಒಳ್ಳೆಯದಲ್ಲ. ಗಲ್ಫ್‌ನಿಂದ ರಜೆಯಲ್ಲಿ ಬಂದಾಗ ಮಾತ್ರ ಕಾರು ತೆಗೆಯುವ ಮನೆಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಹಾಗಾದರೆ ಹೆಡ್ ಬಿಚ್ಚುವ ಪ್ರಸಂಗವೇ ಇಲ್ಲವೇ? ಉಂಟು. ರೇಡಿಯೇಟರಿನ ನೀರು ದಿನದಿನ ಕಡಿಮೆಯಾಗುವುದು, ಬಿಸಿಯಾದ ಮೇಲೂ ಹಿಂದಿನಿಂದ ದಟ್ಟ ಬಿಳಿ ಹೊಗೆ, ಇಂಜಿನ್ ಅತಿಯಾಗಿ ಕಾಯುವುದು, ಇವೆಲ್ಲ ಒಟ್ಟಿಗೆ ಕಂಡರೆ ಕಾರು ಓಡಿಸಲೇಬೇಡಿ. ಆಗಲೂ ಬಿಚ್ಚುವ ಮೊದಲು ಕಂಪ್ರೆಶನ್ ಗೇಜ್ ಇಟ್ಟು ಮೂರೂ ಸಿಲಿಂಡರಿನ ಒತ್ತಡ ಅಳೆದು ತೋರಿಸಲು ಹೇಳಿ. ಪ್ಲಗ್ ಕಳಚಿದರೆ ಮಾಡಿಬಿಡಬಹುದಾದ ಕೆಲಸವದು. ಇನ್ನು ಹೊಸ ಬಗೆಯ ಇಂಜೆಕ್ಷನ್ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಇಂಜಿನ್ ದೀಪ ಮಿಣುಕುತ್ತಿದ್ದರೆ ಕೂಡಲೇ ನಿಲ್ಲಿಸುವುದು ಲೇಸು. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿರುವ ದುಬಾರಿ ಕನ್ವರ್ಟರನ್ನು ಸುಟ್ಟುಬಿಡುತ್ತದೆ.

ವೈರ್ ಬದಲಿಸಿದ ಮೇಲೂ ನಮ್ಮ ಕಾರು ನಿಂತಲ್ಲಿ ಸಣ್ಣಗೆ ಅಲುಗುತ್ತಿತ್ತು. ಮತ್ತೆ ಮಿಸ್ಸಿಂಗೇ ಎಂದು ಹೆದರಿದೆ. ಕಾಕ ನನ್ನ ನೋಟ್ ಪುಸ್ತಕದ ಒಂದು ಹಾಳೆ ಹರಿಸಿ, ಸೈಲೆನ್ಸರಿನ ಬಾಯಿಯ ಹಿಂದೆ ಹಿಡಿದರು. ಮಿಸ್ಸಿಂಗ್ ಇದ್ದರೆ ಹಾಳೆ ಆಗಾಗ ತಡವರಿಸಿ ಒಳಕ್ಕೆ ಎಳೆದಂತಾಗುತ್ತದೆ. ಅದು ಒಂದೇ ಲಯದಲ್ಲಿ ಹೊರಕ್ಕೆ ಪಟಪಟಿಸುತ್ತಿತ್ತು. ಸವೆದಿದ್ದದ್ದು ಇಂಜಿನ್ ಕೂತಿರುವ ರಬ್ಬರ್ ಮೌಂಟಿಂಗ್. ಅದನ್ನು ಮುಂದಿನ ತಿಂಗಳ ಸಂಬಳದಲ್ಲಿ ಹಾಕಿಸಿದೆ.