ಬಡಿಗರ ಹತ್ಯಾರಗಳಿಗೊಂದು ಕಪಾಟು

ಗದಗ ತಾಲೂಕಿನ ಕಣಗಿನಹಾಳವು ಸಹಕಾರ ಚಳವಳಿಯ ಇತಿಹಾಸವನ್ನು ಬಲ್ಲವರಿಗೆಲ್ಲ ಸುಪರಿಚಿತವಾದ ಗ್ರಾಮ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ, ಅಂದರೆ 1905ರಲ್ಲಿ, ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಈ ಊರಿನ ಒಕ್ಕಲುಮಕ್ಕಳನ್ನು ಒಟ್ಟುಗೂಡಿಸಿ ಕೃಷಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಅಂದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ಒಂದು ಹಳ್ಳಿಯ ಹೆಸರು ಹೀಗೆ ದೇಶದ ಸಹಕಾರ ಗ್ರಂಥಗಳಲ್ಲೆಲ್ಲ ಉಳಿಯಿತು. ಒಕ್ಕಲಿಗನಿಗೆ ಬಿತ್ತನೆಯ ಕಾಲಕ್ಕೆ ಹಣ ಬೇಕು. ಆ ಹಣದ ವ್ಯವಸ್ಥೆಯನ್ನು ಸಂಘ ನೋಡಿಕೊಂಡಿತು. ಆದರೆ ಬಿತ್ತುವ ಕೂರಿಗೆ, ಹರಗುವ ಕುಂಟೆ, ಕಾಳು ಹೇರುವ ಚಕ್ಕಡಿ ಇವೆಲ್ಲ ಬಡಿಗನ ಕೈಯಿಂದ ಬರಬೇಕಾಗಿದ್ದವು. ಅವನ ಬಂಡವಾಳವೆಂದರೆ ಅವನ ಹತ್ಯಾರಗಳು. ಆ ಹತ್ಯಾರಗಳನ್ನು ಇಡುವ ಬಗೆಯನ್ನು ಕುರಿತು ಬರೆದವರು ನಮ್ಮಲ್ಲಿ ಅಪರೂಪವಾದ್ದರಿಂದ ಈ ಲೇಖನಕ್ಕೆ ಕೈಹಚ್ಚಿದ್ದೇವೆ.

ಎರೆಸೀಮೆಯ ಊರುಗಳಲ್ಲಿ ಹಿಂದೆ ಬಡಿಗನು ಆಯಗಾರನಾಗಿದ್ದನು. ವರ್ಷವಿಡೀ ರೈತರ ಸಲಕರಣೆಗಳನ್ನು ಮಾಡಿಕೊಟ್ಟು, ಮುರಿದುದನ್ನು ದುರಸ್ತಿ ಮಾಡಿ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತನ್ನ ಪಾಲಿನ ಕಾಳನ್ನು ಪಡೆಯುತ್ತಿದ್ದನು. ಬಾಚಿ, ಎರಡು ಮೂರು ಉಳಿ, ಕೊಡತಿ, ಕರಗಸ, ಬೈರಿಗೆ, ಉಜ್ಜುಗೊರಡು ಇಷ್ಟನ್ನು ಗೋಣಿಚೀಲದಲ್ಲಿ ಕಟ್ಟಿ ಹೆಗಲಿಗೇರಿಸಿದರೆ ಅವನ ಅಂಗಡಿಯೇ ಅವನೊಡನೆ ನಡೆದಂತೆ. ಅಂದಿನ ಕೆಲಸಕ್ಕೆ ಆ ಚೀಲ ಸಾಕಾಗಿತ್ತು. ಈಗ ಕಾಲ ಬದಲಾಗಿದೆ. ಟ್ರ್ಯಾಕ್ಟರು ಬಂದ ಮೇಲೆ ಮರದ ಕೂರಿಗೆ ಕುಂಟೆಗಳ ಬೇಡಿಕೆ ಇಳಿದು, ಬಡಿಗರು ಬಾಗಿಲು, ಕಿಟಕಿ, ಮಂಚ, ಅಡುಗೆಮನೆಯ ಕಪಾಟುಗಳ ಕೆಲಸಕ್ಕೆ ಹೊರಳಿದ್ದಾರೆ. ಹತ್ಯಾರಗಳ ಸಂಖ್ಯೆ ಹತ್ತರಿಂದ ಐವತ್ತಕ್ಕೆ ಏರಿದೆ. ಚೀಲ ಮಾತ್ರ ಹಾಗೆಯೇ ಉಳಿದಿದೆ. ಊರೂರಿಗೆ ಹಿತ್ತಲಿನವರ ಮನೆಗೆ ಕಪಾಟು ಮಾಡಿಕೊಡುವ ಬಡಿಗನಿಗೆ ತನಗೆಂದು ಒಂದು ಕಪಾಟಿಲ್ಲ.

2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರಕಾರವು ಆರಂಭಿಸಿದ ವಿಶ್ವಕರ್ಮ ಯೋಜನೆಯಲ್ಲಿ ಬಡಿಗತನವೂ ಸೇರಿ 18 ಕಸುಬುಗಳಿಗೆ ಮನ್ನಣೆ ದೊರೆಯಿತು. ಹತ್ಯಾರಗಳಿಗೆಂದು 15,000 ರೂಪಾಯಿಯವರೆಗೆ ನೆರವು ನಿಗದಿಯಾಯಿತು. ಒಳ್ಳೆಯ ಸಂಗತಿ. ಆದರೆ ಹೊಸ ಉಳಿಯೂ ಹಳೆಯ ಸುತ್ತಿಗೆಯೂ ಒಂದೇ ಚೀಲದಲ್ಲಿ ಕುಲುಕಾಡಿದರೆ ಉಳಿಯ ಬಾಯಿ ಮುಕ್ಕಾಗಲು ಒಂದು ದಿನ ಸಾಕು. ಆ ಮುಕ್ಕನ್ನು ತೆಗೆಯಲು ಸಾಣೆಕಲ್ಲಿನ ಮೇಲೆ ಅರ್ಧ ತಾಸು ಕಳೆಯಬೇಕು, ಉಕ್ಕೂ ಸವೆಯುತ್ತದೆ. ಇನ್ನು ಹುಡುಕಾಟದ ಲೆಕ್ಕ. ದಿನಕ್ಕೆ ಐದು ಸಲ, ಸಲಕ್ಕೆ ನಾಲ್ಕು ನಿಮಿಷ ಹುಡುಕಿದರೆ ಇಪ್ಪತ್ತು ನಿಮಿಷವಾಯಿತು. ವರ್ಷದ 300 ದಿನಗಳಿಗೆ 100 ತಾಸು, ಎಂದರೆ ದಿನಕ್ಕೆ ಎಂಟು ತಾಸಿನಂತೆ ಹನ್ನೆರಡು ದಿನಗಳಿಗೂ ಮಿಗಿಲಾದ ಕೂಲಿ. ಯಾವ ಬಡಿಗನೂ ಹನ್ನೆರಡು ದಿನ ಬಿಟ್ಟಿ ದುಡಿಯಲು ಒಪ್ಪುವುದಿಲ್ಲ. ಹುಡುಕುವುದಕ್ಕೆ ಮಾತ್ರ ಎಲ್ಲರೂ ಒಪ್ಪಿದ್ದಾರೆ!

ಹತ್ಯಾರವನ್ನು ಗೌರವದಿಂದ ಕಾಣುವುದು ನಮ್ಮ ಸಮಾಜಕ್ಕೆ ಹೊಸದೇನಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯನವರು ಹತ್ಯಾರದ ಹೆಸರಿನಿಂದಲೇ ಗುರುತಿಸಲ್ಪಟ್ಟವರು. ಅವರ ಪತ್ನಿ ಕಾಳವ್ವೆಯವರೂ ವಚನಕಾರ್ತಿ. ಊರು, ಮನೆತನಗಳಿಗಿಂತ ಕೈಯ ಬಾಚಿಯೇ ಒಬ್ಬನ ಗುರುತಾಗಿ ಎಂಟು ನೂರು ವರ್ಷ ನಿಂತಿತೆಂದರೆ, ಆ ಬಾಚಿಯನ್ನು ಮೂಲೆಗೆಸೆಯುವುದು ಹೇಗೆ?

ಈಗ ಕಪಾಟಿನ ವಿಚಾರ. ಮೊದಲು ಕಪಾಟು ಮಾಡಿ ಅನಂತರ ಅದರಲ್ಲಿ ಹತ್ಯಾರ ತುಂಬಲು ಹೊರಡುವುದು ಸಾಮಾನ್ಯ ರೂಢಿ. ಇದು ತಲೆಕೆಳಗಾದ ಕ್ರಮ. ಇರುವ ಎಲ್ಲ ಹತ್ಯಾರಗಳನ್ನು ನೆಲದ ಮೇಲೆ ಹಳೆಯ ಪತ್ರಿಕೆಗಳನ್ನು ಹಾಸಿ ಜೋಡಿಸಬೇಕು. ದಿನವೂ ಬೇಕಾದವು ಒಂದು ಕಡೆ, ವಾರಕ್ಕೊಮ್ಮೆ ಬೇಕಾದವು ಇನ್ನೊಂದು ಕಡೆ, ವರ್ಷಕ್ಕೊಮ್ಮೆ ಕೈಗೆ ಬರುವವು ಮತ್ತೊಂದು ಕಡೆ. ಒಂದೊಂದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಬೆರಳು ಹೋಗುವಷ್ಟು ಎಡೆ ಬಿಡಬೇಕು. ಯಾವುದೇ ಹತ್ಯಾರವನ್ನು ಇನ್ನೊಂದನ್ನು ಸರಿಸದೆ ಒಂದೇ ಕೈಯಿಂದ ತೆಗೆಯುವಂತಿರಬೇಕು ಎಂಬುದೇ ಇಡೀ ಕೆಲಸದ ಸೂತ್ರ. ಹೀಗೆ ಹಾಸಿದ ಪತ್ರಿಕೆಯ ಅಳತೆಯೇ ಕಪಾಟಿನ ಅಳತೆ.

ಸಾಧಾರಣ ಅಂಗಡಿಯೊಂದಕ್ಕೆ 36 ಇಂಚು ಅಗಲ, 42 ಇಂಚು ಎತ್ತರ ಸಾಕೆಂದು ನಮ್ಮ ಅಭಿಪ್ರಾಯ. ಪೆಟ್ಟಿಗೆಯ ಆಳ 9 ಇಂಚು. ಎರಡು ಬಾಗಿಲುಗಳನ್ನು ಬರಿಯ ಹಲಗೆಯಾಗಿಸದೆ 3 ಇಂಚು ಆಳದ ತೆಳು ಪೆಟ್ಟಿಗೆಗಳಂತೆ ಮಾಡಬೇಕು. ಬಾಗಿಲುಗಳನ್ನು ಪೂರ್ತಿ ತೆರೆದಾಗ ಆರು ಅಡಿ ಅಗಲದಲ್ಲಿ ಎಲ್ಲ ಹತ್ಯಾರಗಳೂ ಕಣ್ಣೆದುರಿಗೆ ನಿಲ್ಲುತ್ತವೆ. ಸಂಜೆ ಮುಚ್ಚಿ ಕೀಲಿ ಹಾಕಿದರೆ ಮೂರು ಅಡಿಯೊಳಗೆ ಅಡಗುತ್ತವೆ. ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ 19 ಮಿ.ಮೀ. ದಪ್ಪದ ಒಂದು ಪ್ಲೈವುಡ್ ಹಾಳೆಯನ್ನು 9 ಇಂಚಿನ ಐದು ಪಟ್ಟಿಗಳಾಗಿ ಸೀಳಿದರೆ ಬದಿಗಳು, ಮೇಲು ಕೆಳಗಿನ ಹಲಗೆಗಳು, ನಡುವಿನ ಎರಡು ಅಟ್ಟಗಳು, ಬಾಗಿಲ ಚೌಕಟ್ಟುಗಳು ಎಲ್ಲವೂ ಹೊರಟು ಒಂದು ಪಟ್ಟಿ ಮಿಗುತ್ತದೆ. ಹಿಂಬದಿಗೂ ಬಾಗಿಲ ಮುಖಕ್ಕೂ 9 ಮಿ.ಮೀ. ಹಾಳೆ ಒಂದು. ಐ.ಎಸ್. 303 ಮುದ್ರೆಯ ಹಾಳೆಯೇ ಸಾಕು. ನೀರಿನಲ್ಲಿ ನೆನೆಯುವ ಕೆಲಸಕ್ಕೆಂದು ಇರುವ ಐ.ಎಸ್. 710ರ ದುಬಾರಿ ಹಾಳೆಗೆ ದುಡ್ಡು ಸುರಿಯುವುದು ಬೇಡ. ಸಾಗವಾನಿಯಲ್ಲಿಯೇ ಮಾಡುವೆನೆನ್ನುವವರು ಅಗಲವಾದ ಹಲಗೆಯನ್ನು ಚೌಕಟ್ಟಿನ ಗಾಡಿಯೊಳಗೆ ಅಂಟು ಹಾಕದೆ ಸಡಿಲವಾಗಿ ಕೂರಿಸಬೇಕು. ಮಳೆಗಾಲದಲ್ಲಿ ಮರ ಅಗಲದ ಕಡೆಗೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದನ್ನು ಬಿಗಿದು ಕಟ್ಟಿದರೆ ಸೀಳುತ್ತದೆ.

ನಮ್ಮ ಹಳ್ಳಿಗಳ ಹಳೆಯ ಮನೆಗಳ ಗೋಡೆ ಕಲ್ಲು ಮಣ್ಣಿನವು. ಪಟ್ಟಣದ ಪುಸ್ತಕಗಳಲ್ಲಿ ಬರೆದಂತೆ ಗೋಡೆಗೆ ಮೊಳೆ ಹೊಡೆದು ಕಪಾಟನ್ನು ತೂಗುಹಾಕಿದರೆ, ಹತ್ಯಾರಗಳ ಭಾರಕ್ಕೆ ಮೊಳೆಯ ಸುತ್ತಲಿನ ಮಣ್ಣು ಉದುರಿ ಒಂದು ದಿನ ಎಲ್ಲವೂ ಕೆಳಗೆ ಬರುವುದು. ಆದ್ದರಿಂದ 30 ಇಂಚು ಎತ್ತರದ ನಾಲ್ಕು ಕಾಲಿನ ಪೀಠದ ಮೇಲೆ ಕಪಾಟನ್ನು ಕೂರಿಸಿ, ಮುಂದಕ್ಕೆ ವಾಲದಂತೆ ಮೇಲ್ಭಾಗವನ್ನು ಮಾತ್ರ ತೊಲೆಗೆ ಬಿಗಿಯುವುದು ಲೇಸು. ಕಪಾಟಿನ ತಲೆ ಆರು ಅಡಿಗೆ ಬರುತ್ತದೆ, ಕೈಗೆ ನಿಲುಕುತ್ತದೆ. ಗೋಡೆಗೂ ಹಿಂಬದಿಗೂ ನಡುವೆ ಎರಡು ಇಂಚು ಗಾಳಿಗೆ ಜಾಗ ಬೇಕು. ಇಲ್ಲವಾದರೆ ಮಳೆಗಾಲದ ತೇವ ಗೋಡೆಯಿಂದ ಹಲಗೆಗೆ, ಹಲಗೆಯಿಂದ ಕಬ್ಬಿಣಕ್ಕೆ ಏರುತ್ತದೆ. ಪೀಠದ ಕಾಲುಗಳನ್ನು ಮಣ್ಣಿಗೆ ತಾಗಿಸದೆ ಕಲ್ಲಿನ ಮೇಲೆ ನಿಲ್ಲಿಸಬೇಕು. ಗೆದ್ದಲು ಹತ್ತಿದರೆ ಅದರ ಮಣ್ಣಿನ ದಾರಿ ಕಲ್ಲಿನ ಮೇಲೆ ಕಣ್ಣಿಗೆ ಬೀಳುತ್ತದೆ, ಆಗಲೇ ಕೆರೆದು ಹಾಕಬಹುದು.

ಒಳಗಿನ ಜೋಡಣೆಯಲ್ಲಿ ಭಾರದವು ಕೆಳಗೆ. ಕಬ್ಬಿಣದ ರಂಧಾಗಳಲ್ಲಿ ನಾಲ್ಕನೆಯ ನಂಬರಿನದು ಹತ್ತು ಇಂಚಿಗೆ ಸ್ವಲ್ಪ ಕಡಿಮೆ, ಐದನೆಯದು 14 ಇಂಚು, ಏಳನೆಯದು 22 ಇಂಚು. ಇವು ಕೆಳಗಿನ ಅಟ್ಟದ ಮೇಲೆ ಮಲಗಲಿ. ಮುಂಭಾಗದಲ್ಲಿ ತೆಳುವಾದ ಒಂದು ಪಟ್ಟಿಯನ್ನಿಟ್ಟು ಅದರ ಮೇಲೆ ರಂಧಾದ ಮೂತಿಯನ್ನು ಎತ್ತಿಟ್ಟರೆ ಅಲಗು ಹಲಗೆಗೆ ತಾಗುವುದಿಲ್ಲ. ಉಳಿಗಳಿಗೆ ಎದೆಯ ಎತ್ತರದಲ್ಲಿ ಒಂದು ಅಡ್ಡಪಟ್ಟಿ. ಅದಕ್ಕೆ ಮುಂದಿನಿಂದ ಕಚ್ಚುಗಳನ್ನು ಕೊರೆದು ಉಳಿಗಳನ್ನು ಅಗಲದ ಕ್ರಮದಲ್ಲಿ, 6 ಮಿ.ಮೀ.ನಿಂದ 25 ಮಿ.ಮೀ.ವರೆಗೆ, ಬಾಯಿ ಕೆಳಗಾಗಿ ನಿಲ್ಲಿಸಬೇಕು. ಬಾಯಿಗಳ ಮುಂದೆ ಒಂದು ಅಡ್ಡಹಲಗೆ ಇದ್ದರೆ ಕೈ ತಗಲುವ ಭಯವಿಲ್ಲ. ಕೆಲವರು ಬಾಯಿ ಮೇಲೆ ಮಾಡಿ ಇಡುತ್ತಾರೆ, ಗುರುತು ಹಿಡಿಯಲು ಸುಲಭವೆಂದು. ಮಕ್ಕಳು ಓಡಾಡುವ ಮನೆಯಂಗಳದ ಅಂಗಡಿಯಲ್ಲಿ ಅದು ಸರ್ವಥಾ ಕೂಡದು. ಅರಗಳು ಒಂದಕ್ಕೊಂದು ಉಜ್ಜಿದರೆ ಹಲ್ಲು ಸಾಯುತ್ತವೆ. ಒಂದೊಂದಕ್ಕೂ ಒಂದೊಂದು ತೂತು. ಕರಗಸಗಳೂ ಗುನ್ಯಾ ಎಂದು ನಾವು ಕರೆಯುವ ಮೂಲೆಮಟ್ಟವೂ ಬಾಗಿಲುಗಳ ಒಳಗೆ ತೂಗಲಿ. 26 ಇಂಚಿನ ಕರಗಸವೂ ಅಲ್ಲಿ ನೇರವಾಗಿ ಹಿಡಿಯುತ್ತದೆ. ಬಾಗಿಲಿನ ಭಾರ ಹೆಚ್ಚುವುದರಿಂದ ಎರಡು ಚಿಕ್ಕ ಬಿಜಾಗರಿಗಳನ್ನು ನಂಬದೆ, ಮೇಲಿನಿಂದ ಕೆಳಗಿನವರೆಗೆ ಹೋಗುವ ಉದ್ದ ಬಿಜಾಗರಿಯನ್ನೇ ಬಡಿಯಬೇಕು.

ಡ್ರಾವರುಗಳು ಆಳವಾದಷ್ಟೂ ಅನುಕೂಲವೆಂಬ ಭ್ರಮೆ ಬಹಳ ಜನರಿಗೆ. ಆರು ಇಂಚು ಆಳದ ಡ್ರಾವರು ಸ್ವಲ್ಪ ದಿನಗಳಲ್ಲೇ ಗೋಣಿಚೀಲವಾಗುತ್ತದೆ! ಒಳಗೆ ಎರಡು ಇಂಚು ಆಳ ಸಾಕು. ಹತ್ಯಾರಗಳು ಒಂದೇ ಪದರದಲ್ಲಿ ಮಲಗಬೇಕು.

ಇಂಥ ವಿಚಾರ ನಮ್ಮ ಕಾಲದ್ದೇ ಎಂದು ತಿಳಿಯಬಾರದು. ಸ್ವೀಡನ್ನಿನ ಗೋಟ್‌ಲೆಂಡ್ ದ್ವೀಪದಲ್ಲಿ 1936ರಲ್ಲಿ ರೈತನೊಬ್ಬನ ನೇಗಿಲಿಗೆ ಓಕ್ ಮರದ ಪೆಟ್ಟಿಗೆಯೊಂದು ಸಿಕ್ಕಿತು. ಅದರೊಳಗೆ ಸುಮಾರು ಸಾವಿರ ವರ್ಷಗಳ ಹಿಂದಿನ ಕಮ್ಮಾರ, ಬಡಿಗರ ಹತ್ಯಾರಗಳಿದ್ದವು. ಇಂಗ್ಲೆಂಡಿನ ಬೆಂಜಮಿನ್ ಸೀಟನ್ ಎಂಬಾತನು 1797ರಲ್ಲಿ ಮುಗಿಸಿದ ಪೆಟ್ಟಿಗೆ ರಾಚೆಸ್ಟರ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿದೆ. ಎಲ್ಲಕ್ಕಿಂತ ಹೆಸರಾದುದು ಅಮೆರಿಕೆಯ ಪಿಯಾನೋ ಕುಶಲಕರ್ಮಿ ಹೆನ್ರಿ ಸ್ಟಡ್ಲಿಯದು. ಮುಚ್ಚಿದಾಗ 39 ಇಂಚು ಎತ್ತರ, 20 ಇಂಚು ಅಗಲ, 9 ಇಂಚು ಆಳದ ಆ ಗೋಡೆಪೆಟ್ಟಿಗೆಯಲ್ಲಿ ಸುಮಾರು 300 ಹತ್ಯಾರಗಳು ಪದರಪದರವಾಗಿ ಕೂತಿವೆ. ನೋಡಿದವರು ಬೆರಗಾಗುತ್ತಾರೆ. ಆದರೂ ನಮ್ಮ ಬಡಿಗರು ಅದನ್ನು ಅನುಕರಿಸುವುದು ಬೇಡ. ಒಂದೊಂದು ಹತ್ಯಾರಕ್ಕೂ ಅಚ್ಚು ತೆಗೆದಂತೆ ಜಾಗ ಕೊರೆದ ಮೇಲೆ ನಾಳೆ ಕೊಳ್ಳುವ ಹೊಸ ಉಳಿಯನ್ನು ಎಲ್ಲಿಡುವುದು? ಐದರಲ್ಲೊಂದು ಪಾಲು ಬರಿದಾಗಿರಲಿ. ಒಳಗಿನ ಪಟ್ಟಿ, ಗೂಟಗಳಿಗೆ ಅಂಟು ಹಾಕದೆ ತಿರುಪುಮೊಳೆಯಿಂದ ಮಾತ್ರ ಬಿಗಿಯಬೇಕು. ವರ್ಷವೊಂದರಲ್ಲಿ ಕೈಯ ರೂಢಿಯೇ ಯಾವುದು ಎಲ್ಲಿರಬೇಕೆಂದು ಹೇಳುತ್ತದೆ, ಆಗ ಬಿಚ್ಚಿ ಬದಲಿಸಬಹುದು.

ಎಣ್ಣೆಯ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮ ಸೀಮೆಯ ಮನೆಮನೆಯಲ್ಲಿ ಕುಸುಬಿ ಎಣ್ಣೆ, ಅಗಸಿ ಎಣ್ಣೆ ಇರುತ್ತಿದ್ದವು. ಇವು ಗಾಳಿಗೆ ಒಣಗಿ ಅಂಟಾಗುವ ಜಾತಿಯವು. ಆ ಗುಣದಿಂದಲೇ ಅಗಸಿ ಎಣ್ಣೆ ಕಪಾಟಿನ ಮರಕ್ಕೆ ಒಳ್ಳೆಯ ಲೇಪ; ಉಳಿ ರಂಧಾಗಳ ಅಲಗಿಗೆ ಅದೇ ಗುಣ ದೋಷ. ಅಲಗಿಗೆ ಹೊಲಿಗೆಯಂತ್ರದ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ತೆಳುವಾಗಿ ಒರೆಸಿದರೆ ಜಂಗು ಹಿಡಿಯದು. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬಾರದು. ಒಣಗುವಾಗ ಅದು ತನಗೆ ತಾನೇ ಕಾವೇರಿ ಹೊತ್ತಿಕೊಳ್ಳುವುದುಂಟು. ಮರದ ಹೊಟ್ಟು ಹರಡಿದ ಅಂಗಡಿಯಲ್ಲಿ ಇದು ಸಣ್ಣ ಮಾತಲ್ಲ. ಬಟ್ಟೆಯನ್ನು ಬಿಡಿಸಿ ಹೊರಗೆ ಒಣಗಿಸಬೇಕು.

ವಿದ್ಯುತ್ ಯಂತ್ರಗಳು ಪೀಠದ ಕೆಳಗಿನ ತೆರೆದ ಜಾಗದಲ್ಲಿರಲಿ.

ಕಣಗಿನಹಾಳದ ನೆಲದಲ್ಲಿ ನಿಂತು ಬರೆಯುವಾಗ ಇನ್ನೊಂದು ಮಾತನ್ನು ಹೇಳದೆ ಇರಲಾರೆವು. ದೊಡ್ಡ ಕೊಯ್ಯುವ ಯಂತ್ರ, ಹಲಗೆಯ ದಪ್ಪ ಸಮ ಮಾಡುವ ಯಂತ್ರಗಳನ್ನು ಒಬ್ಬ ಬಡಿಗ ಕೊಳ್ಳಲಾರ. ನಾಲ್ಕೈದು ಮಂದಿ ಕೂಡಿದರೆ ಕೊಳ್ಳಬಹುದು. ಒಬ್ಬೊಬ್ಬನಿಗೆ ಹುಟ್ಟದ ಸಾಲದ ಯೋಗ್ಯತೆ ಕೂಡಿದವರಿಗೆ ಹುಟ್ಟುತ್ತದೆ ಎಂಬುದನ್ನು 1905ರಲ್ಲಿಯೇ ಈ ಊರಿನವರು ತೋರಿಸಿಕೊಟ್ಟರು. ಹಾಗಿದ್ದೂ ಕೂಡಿ ನಡೆಸುವ ಕಾರ್ಯಾಗಾರವೆಂದ ಕೂಡಲೇ ನಮ್ಮವರು ಹಿಂಜರಿಯುವುದೇಕೆ? ಹಣದ ಅಂಜಿಕೆಗಿಂತ, ಒಯ್ದ ಉಳಿ ಮರಳಿ ಬರುವುದಿಲ್ಲವೆಂಬ ಅಂಜಿಕೆಯೇ ದೊಡ್ಡದು. ಯಾರು ಒಯ್ದರೆಂದು ಕೇಳಿದರೆ ಜಗಳ, ಕೇಳದಿದ್ದರೆ ನಷ್ಟ. ನೆರೆಹೊರೆಯ ಎರಡು ಮನೆತನಗಳ ನಡುವೆ ಮಾತು ನಿಲ್ಲಲು ಒಂದು ಬೈರಿಗೆ ಸಾಕು.

ದೊಡ್ಡ ಯಂತ್ರಶಾಲೆಗಳ ಹತ್ಯಾರದ ಕೋಣೆಗಳಲ್ಲಿ ಇದಕ್ಕೆ ಬಹುಕಾಲದಿಂದ ಒಂದು ಉಪಾಯವಿದೆ. ಪ್ರತಿಯೊಬ್ಬ ಕೆಲಸಗಾರನಿಗೂ ಅವನ ಸಂಖ್ಯೆ ಕೊರೆದ ಐದಾರು ಬಿಲ್ಲೆಗಳನ್ನು ಕೊಟ್ಟಿರುತ್ತಾರೆ. ಹತ್ಯಾರವನ್ನು ತೆಗೆದವನು ಅದರ ಜಾಗದಲ್ಲಿ ತನ್ನ ಬಿಲ್ಲೆಯನ್ನು ತೂಗುಹಾಕಬೇಕು. ಮರಳಿ ಇಟ್ಟಾಗ ಬಿಲ್ಲೆಯನ್ನು ತೆಗೆದುಕೊಳ್ಳಬೇಕು. ಬಿಲ್ಲೆಗಳೆಲ್ಲ ಮುಗಿದವನಿಗೆ ಆರನೆಯದೋ ಏಳನೆಯದೋ ಹತ್ಯಾರ ದೊರೆಯದು. ಯಾರ ಬಾಯನ್ನೂ ಕೇಳಬೇಕಾಗಿಲ್ಲ, ಗೋಡೆಯೇ ಹೇಳುತ್ತದೆ. ಕಪಾಟಿನ ಹಿಂಬದಿಯ ಹಲಗೆಯ ಮೇಲೆ ಪ್ರತಿಯೊಂದು ಹತ್ಯಾರದ ನೆರಳನ್ನು ಬಣ್ಣದಲ್ಲಿ ಬರೆದು, ಅದರ ನಡುವೆ ಒಂದು ಚಿಕ್ಕ ಮೊಳೆ ಹೊಡೆದರೆ ಇಷ್ಟಕ್ಕೆ ಸಿದ್ಧತೆಯಾದಂತೆ. ಓದಲು ಬಾರದವನಿಗೂ ನೆರಳು ತಿಳಿಯುತ್ತದೆ. ಸಂಜೆ ಬಾಗಿಲು ಹಾಕುವ ಸರದಿ ದಿನಕ್ಕೊಬ್ಬರದಾಗಿರಲಿ, ಉಳಿದ ಬಿಲ್ಲೆಗಳ ಸಂಖ್ಯೆಯನ್ನು ಆತ ವಹಿಯಲ್ಲಿ ಬರೆದು ಕೀಲಿ ಹಾಕಲಿ. ಬಿಲ್ಲೆಗಳನ್ನು ಹಿತ್ತಾಳೆಯಲ್ಲಿ ಮಾಡಿಸುವುದು ಒಳ್ಳೆಯದು. ಮರದ ಬಿಲ್ಲೆಯ ಮೇಲಿನ ಸಂಖ್ಯೆ ಎಣ್ಣೆಗೈ ತಾಗಿ ಬೇಗ ಮಾಸಿಹೋಗುತ್ತದೆ.